ತೋಟದ ಮನೆಯಿಂದ ಹೊರಟ ಕತೆಗಳು

(ಬಾನುಲಿ ಭಾಷಣ)

ಕತೆ ಬರೆಯುವ ಹಂಬಲವುಳ್ಳ ಎಳೆಯರು ನನ್ನಂಥ ನಿವೃತ್ತ ಉಪಾಧ್ಯಾಯನ ಬಳಿಗೆ ಬಂದಾಗ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ. ಕತೆಯನ್ನು ಹೇಗೆ ಬರೆಯಬೇಕು ಎಂಬುದು ಒಂದು. ಬರೆದದ್ದನ್ನು ಯಾವ ಪತ್ರಿಕೆಗೆ ಕಳುಹಿಸಬೇಕು ಎಂಬುದು ಇನ್ನೊಂದು. ಈ ಎರಡರ ನಡುವೆ ಮೂರನೆಯದೊಂದು ಪ್ರಶ್ನೆ ಇದೆ. ಬರೆದದ್ದನ್ನು ಮೊದಲು ಯಾರಿಗೆ ತೋರಿಸಬೇಕು? ಇದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿರುವುದಕ್ಕೆ ಕಾರಣ ಸಂಕೋಚವಿರಬಹುದು, ಅವಸರವಿರಬಹುದು. ಆದರೆ ಎಷ್ಟೋ ಕತೆಗಳು ಕೆಡುವುದು ಈ ನಡುವಣ ಹಾದಿಯಲ್ಲಿಯೇ ಎಂದು ನನ್ನ ಅನುಭವ.

ಈ ಮಾತನ್ನು ಬರಿಯ ಉಪದೇಶವಾಗಿ ಹೇಳಿದರೆ ಕೇಳುವವರಿಗೂ ಬೇಸರ, ಹೇಳುವವನಿಗೂ ಬೇಸರ. ಆದುದರಿಂದ ನಮ್ಮ ಕೊಡಗಿನ ಸಾಹಿತ್ಯಚರಿತ್ರೆಯ ಒಂದು ಅಧ್ಯಾಯವನ್ನು ತೆರೆದು, ಅದರೊಳಗಿಂದಲೇ ಕತೆಗಾರನ ಕಸುಬಿಗೆ ಬೇಕಾದ ನಾಲ್ಕಾರು ಸಂಗತಿಗಳನ್ನು ಹೆಕ್ಕಿಕೊಳ್ಳೋಣ ಎಂದು ಬಯಸಿದ್ದೇನೆ. ಆ ಅಧ್ಯಾಯದ ಹೆಸರು ಕೊಡಗಿನ ಗೌರಮ್ಮ.

ಕೊಡಗಿನ ಗೌರಮ್ಮ ಎಂದೊಡನೆ ಕೆಲವರ ನೆನಪಿಗೆ ಬರುವವಳು ಬೇರೊಬ್ಬಳು. ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರನ ಮಗಳು ಗೌರಮ್ಮ. 1834ರಲ್ಲಿ ರಾಜ್ಯ ಇಂಗ್ಲಿಷರ ಪಾಲಾಯಿತು. ಗಡೀಪಾರಾದ ತಂದೆಯೊಡನೆ ಅವಳು 1852ರಲ್ಲಿ ಇಂಗ್ಲೆಂಡಿಗೆ ಹೋದಳು. ಅದೇ ವರ್ಷ ಅಲ್ಲಿ ಕ್ರೈಸ್ತಳಾಗಿ, ರಾಣಿ ವಿಕ್ಟೋರಿಯಾಳ ಹೆಸರನ್ನೇ ಪಡೆದು, 1864ರಲ್ಲಿ ತೀರಿಕೊಂಡಳು. ಆ ಗೌರಮ್ಮನ ಕತೆಯನ್ನು ಬೇರೆಯವರು ಬರೆದರು. ನಾನು ಹೇಳುತ್ತಿರುವ ಗೌರಮ್ಮನವರು ತಾವೇ ಕತೆ ಬರೆದವರು. ಹೆಸರು ಒಂದೇ ಆದರೂ ಇಬ್ಬರ ಬಾಳಿಗೂ ಇರುವ ಅಂತರ ಇಷ್ಟು ದೊಡ್ಡದು.

ಇವರು ಹುಟ್ಟಿದ್ದು 1912ರಲ್ಲಿ, ಮಡಿಕೇರಿಯಲ್ಲಿ. 1925ರಲ್ಲಿ, ಹದಿಮೂರನೆಯ ವಯಸ್ಸಿಗೆ, ಮದುವೆ. ಹೆಣ್ಣುಮಕ್ಕಳ ವಿವಾಹಕ್ಕೆ ಹದಿನಾಲ್ಕರ ಮಿತಿಯನ್ನು ಹಾಕಿದ ಶಾರದಾ ಕಾಯಿದೆ ಬಂದದ್ದು ಅನಂತರ, 1929ರಲ್ಲಿ. ಪತಿ ಬಿ.ಟಿ. ಗೋಪಾಲಕೃಷ್ಣ ಅವರು ಸುಂಟಿಕೊಪ್ಪದ ಬಳಿಯ ಗುಂಡುಗುಟ್ಟಿ ಮಂಜುನಾಥಯ್ಯನವರ ಕಾಫಿ ತೋಟದಲ್ಲಿ ಕೆಲಸದಲ್ಲಿದ್ದರು. ಗೌರಮ್ಮನವರ ಬರವಣಿಗೆಯೆಲ್ಲ ನಡೆದದ್ದು ಆ ತೋಟದ ಬದುಕಿನ ನಡುವೆ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೂ ಬರಬೇಕೆಂದು ಉಪವಾಸ ಹಿಡಿದು ಕುಳಿತು, ಬಂದ ಮೇಲೆ ಮೈಮೇಲಿನ ಒಡವೆಗಳನ್ನು ಕಳಚಿ ನಿಧಿಗೆ ಕೊಟ್ಟ ಸಂಗತಿ ಕೊಡಗಿನಲ್ಲಿ ಮನೆಮಾತಾಗಿದೆ. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1939ರ ಏಪ್ರಿಲಿನಲ್ಲಿ ಹೊಳೆಗೆ ಈಜಲು ಇಳಿದವರು ಸುಳಿಗೆ ಸಿಕ್ಕಿ ತೀರಿಕೊಂಡರು. ಆಗ ಇಪ್ಪತ್ತೇಳು ವರ್ಷ. ಉಳಿದದ್ದು ಎರಡು ಪುಟ್ಟ ಸಂಗ್ರಹಗಳಿಗೆ ಆಗುವಷ್ಟು ಕತೆಗಳು: ಅದೇ 1939ರಲ್ಲಿ ಬಂದ ‘ಕಂಬನಿ’, ಮೂರು ವರ್ಷಗಳ ಮೇಲೆ 1942ರಲ್ಲಿ ಬಂದ ‘ಚಿಗುರು’. ಕಂಬನಿಯ ಮೇಲೆ ಚಿಗುರು ಬಂದದ್ದು ಆಕಸ್ಮಿಕವೋ, ಹೆಸರಿಟ್ಟವರ ಮನಸ್ಸಿನಲ್ಲಿದ್ದುದೋ, ಓದುವವರಿಗಂತೂ ಹಾಗೆ ತೋರದೆ ಇರದು.

ಕತೆಗಾರ್ತಿಯೊಬ್ಬಳು ಬೆಳೆಯಲು ಆ ಕಾಲದ ಕೊಡಗು ಎಂಥ ಜಾಗವಾಗಿತ್ತು ಎಂಬುದನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ರಾಜಕೀಯವಾಗಿ ಅದು ಬೇರೆಯೇ ಒಂದು ಪುಟ್ಟ ಪ್ರಾಂತ. ಮೈಸೂರಿನೊಡನೆ ಸೇರಿದ್ದು 1956ರ ನವೆಂಬರ್ 1ರಂದು. ಕಾಲೇಜು ಬಂದದ್ದು 1949ರಲ್ಲಿ. ರೈಲು ಇಂದಿಗೂ ಇಲ್ಲ. ಮಳೆಗಾಲ ಹಿಡಿದರೆ ತೋಟದ ಮನೆಗೂ ಊರಿಗೂ ನಡುವಣ ಮೂರು ಮೈಲಿ ಮೂವತ್ತಾಗುತ್ತದೆ. ಕನ್ನಡದ ಹೊಸ ಬರವಣಿಗೆ ನಡೆಯುತ್ತಿದ್ದುದು ಘಟ್ಟದ ಆಚೆ: ಧಾರವಾಡದ ‘ಜಯಕರ್ನಾಟಕ’, ಮಂಗಳೂರಿನ ‘ರಾಷ್ಟ್ರಬಂಧು’, ಮೈಸೂರು ಬೆಂಗಳೂರುಗಳ ಪತ್ರಿಕೆಗಳು. ಅವು ಇಲ್ಲಿಗೆ ಬರುತ್ತಿದ್ದುದು ಟಪ್ಪಾಲಿನ ಚೀಲದಲ್ಲಿ. ಇಲ್ಲಿಂದ ಹೋಗಬೇಕಾದ ಕತೆಗೂ ಇದ್ದ ದಾರಿ ಆ ಚೀಲವೇ. ಧಾರವಾಡದ ಎಳೆಯ ಕವಿಗೆ ಸಂಜೆ ಹೊತ್ತು ಗೆಳೆಯರ ಗುಂಪಿನ ಬೈಠಕ್ಕು ಸಿಗುತ್ತಿತ್ತು. 1920ರ ದಶಕದಲ್ಲಿ ದ.ರಾ. ಬೇಂದ್ರೆಯವರ ಸುತ್ತ ಕಟ್ಟಿಕೊಂಡ ಆ ಗುಂಪಿನಲ್ಲಿ ವಿ.ಕೃ. ಗೋಕಾಕರು, ರಂ.ಶ್ರೀ. ಮುಗಳಿಯವರು, ಶಂ.ಬಾ. ಜೋಶಿಯವರು, ಬೆಟಗೇರಿ ಕೃಷ್ಣಶರ್ಮರು ಮೊದಲಾದವರಿದ್ದರು. ಒಬ್ಬರು ಬರೆದದ್ದನ್ನು ಮತ್ತೊಬ್ಬರು ಕೇಳಿ, ತಿದ್ದಿ, ಜಗಳವಾಡಿ ಬೆಳೆದರು. ಗುಂಡುಗುಟ್ಟಿಯಲ್ಲಿ ಗುಂಪು ಎಲ್ಲಿಂದ ಬರಬೇಕು?

ಹಾಗೆಂದು ಕೊಡಗಿನಲ್ಲಿ ಹೇಳುವ ಕಲೆ, ಕೇಳುವ ಕಲೆ ಇರಲಿಲ್ಲವೆಂದಲ್ಲ. ಹುತ್ತರಿಯಲ್ಲಿಯೋ ಮದುವೆಯಲ್ಲಿಯೋ ದುಡಿ ಬಾರಿಸಿ ಹಾಡುವ ಕೊಡವ ಹಾಡುಗಾರರನ್ನು ನೀವು ಕೇಳಿರಬಹುದು. ಹಾಡುವವರು ನಾಲ್ವರು. ಇಬ್ಬರು ಒಂದು ಸಾಲನ್ನು ಹೇಳುತ್ತಾರೆ. ಉಳಿದಿಬ್ಬರು ಅದೇ ಸಾಲನ್ನು ಮರಳಿ ಹೇಳುತ್ತಾರೆ. ಹೀಗೆ ಪ್ರತಿಯೊಂದು ಸಾಲೂ ಹೇಳಿದವನ ಬಾಯಿಂದ ಹೊರಟು, ಎದುರಿನವನ ಬಾಯಲ್ಲಿ ಒಮ್ಮೆ ತೂಗಿ, ಆಮೇಲೆ ಸಭೆಗೆ ಸಲ್ಲುತ್ತದೆ. ತೊದಲುವ ಸಾಲು, ಉಸಿರಿಗೆ ನಿಲುಕದ ಸಾಲು, ಆ ಎರಡನೆಯ ಜೋಡಿಯ ಬಾಯಲ್ಲಿ ಉಳಿಯಲಾರದು. ಇಂಥ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಹೆಸರಿನಿಂದ ಪ್ರಕಟಿಸಿದರು. ಅವರು ಪಂಡಿತರ ಮನೆಯಲ್ಲಿ ಕುಳಿತು ಬರೆದವರಲ್ಲ. ಪೋಲೀಸ್ ಇಲಾಖೆಯ ನೌಕರಿಯಲ್ಲಿದ್ದು, ಹಾಡುವವರ ಎದುರು ಕುಳಿತು ಕೇಳಿ ಬರೆದುಕೊಂಡವರು.

ಕತೆ ಬರೆಯುವವನು ಮೊದಲು ಕಲಿಯಬೇಕಾದದ್ದು ಈ ಎರಡನೆಯ ಜೋಡಿಯ ಉಪಯೋಗವನ್ನು. ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ನೀವೇ ಓದಿಕೊಂಡರೆ ಅರ್ಧ ಪ್ರಯೋಜನ. ಮತ್ತೊಬ್ಬರ ಕೈಗೆ ಕೊಟ್ಟು, ಅವರು ಓದುವುದನ್ನು ನೀವು ಕೇಳಿಸಿಕೊಂಡರೆ ಪೂರ್ಣ ಪ್ರಯೋಜನ. ಏಕೆಂದರೆ ನಿಮ್ಮ ನಾಲಿಗೆ ನಿಮ್ಮ ತಪ್ಪನ್ನು ಮುಚ್ಚಿಕೊಳ್ಳುತ್ತದೆ; ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಒತ್ತು ಎಂಬುದು ಅದಕ್ಕೆ ಮೊದಲೇ ಗೊತ್ತು. ಪರರು ಎಡವಿದ ಕಡೆ ವಾಕ್ಯ ಎಡವಿದೆ ಎಂದೇ ತಿಳಿಯಬೇಕು. ಸಂಭಾಷಣೆಯ ವಿಷಯದಲ್ಲಂತೂ ಇದಕ್ಕಿಂತ ಬೇರೆ ಪರೀಕ್ಷೆಯೇ ಇಲ್ಲ.

ಗೌರಮ್ಮನವರ ಕತೆಗಳನ್ನು ಗಟ್ಟಿಯಾಗಿ ಓದಿದಾಗ ನನಗೆ ಅನ್ನಿಸಿದ್ದು, ಅವು ಕಾಗದ ಬರೆಯುವ ಕೈಯಿಂದ ಬಂದವು ಎಂದು. ಒಂದು ಕತೆಯ ಹೆಸರೇ ‘ಕೆಲವು ಕಾಗದಗಳು’. ದೂರದಲ್ಲಿರುವ ಒಬ್ಬ ಆಪ್ತರಿಗೆ ಕಾಗದ ಬರೆಯುವವರು ಹೇಗೆ ಬರೆಯುತ್ತಾರೆ? ಅವರು ಸೂರ್ಯೋದಯದ ವರ್ಣನೆಯಿಂದ ತೊಡಗುವುದಿಲ್ಲ, ವಿಷಯಕ್ಕೇ ಬರುತ್ತಾರೆ. ಓದುವವರಿಗೆ ತಿಳಿದದ್ದನ್ನು ಬಿಟ್ಟುಬಿಡುತ್ತಾರೆ; ತಿಳಿಯದ್ದನ್ನು ಒಂದೇ ಮಾತಿನಲ್ಲಿ ತಿಳಿಸುತ್ತಾರೆ. ಹೇಳಬಾರದ್ದು ಏನೋ ಇದ್ದರೆ ಅದರ ಸುತ್ತ ಸುಳಿದು, ಹೇಳದೆಯೇ ಕಾಣಿಸುತ್ತಾರೆ. ಸಣ್ಣ ಕತೆಗೆ ಬೇಕಾದ ಗುಣಗಳಲ್ಲಿ ಮುಕ್ಕಾಲು ಪಾಲು ಇದರಲ್ಲಿ ಬಂದುವು. ಕತೆ ಮುಂದೆ ಸಾಗದೆ ಸಿಕ್ಕಿಕೊಂಡ ಎಳೆಯರಿಗೆ ನಾನು ಹೇಳುವುದುಂಟು: ಕತೆಯನ್ನು ಬದಿಗಿಡಿ, ಅದೇ ಸಂಗತಿಯನ್ನು ನಿಮ್ಮ ಅಕ್ಕನಿಗೋ ಗೆಳೆಯನಿಗೋ ಒಂದು ಕಾಗದವಾಗಿ ಬರೆಯಿರಿ. ಹಾಗೆ ಬರೆದ ಕಾಗದದಲ್ಲಿ ಎಷ್ಟೋ ಸಲ ಮೊದಲಿನ ಎರಡು ಪುಟ ತಾನಾಗಿ ಉದುರಿಹೋಗಿರುತ್ತದೆ. ಕತೆ ನಿಜವಾಗಿ ತೊಡಗುತ್ತಿದ್ದುದು ಮೂರನೆಯ ಪುಟದಲ್ಲಿ.

ಇನ್ನೊಂದು ಸಂಗತಿ ಕತೆಗಳ ಶೀರ್ಷಿಕೆಗೆ ಸಂಬಂಧಿಸಿದ್ದು. ‘ಪುನರ್ವಿವಾಹ’ ಎಂಬಂಥ, ಆ ಕಾಲದ ಚರ್ಚಾಸಭೆಗಳಿಗೂ ಒಪ್ಪುವ ಹೆಸರು ಅವರಲ್ಲಿ ಇಲ್ಲದಿಲ್ಲ. ವಿಧವಾವಿವಾಹಕ್ಕೆ ಅವಕಾಶ ಮಾಡಿದ ಕಾಯಿದೆ 1856ರಲ್ಲಿಯೇ ಬಂದಿದ್ದರೂ, ಎಂಬತ್ತು ವರ್ಷಗಳ ಮೇಲೂ ಅದು ಮನೆಮನೆಯ ಸಂಕಟವಾಗಿಯೇ ಉಳಿದಿತ್ತು. ಅಂಥ ವಿಷಯವನ್ನು ಹಿಡಿದ ಲೇಖಕರು ತೀರ್ಪು ಕೊಟ್ಟೇ ಕತೆಯನ್ನು ಮುಗಿಸುತ್ತಿದ್ದರು. ಗೌರಮ್ಮನವರಾದರೋ ‘ಅಪರಾಧಿ ಯಾರು?’ ಎಂದು ಕೇಳುತ್ತಾರೆ. ‘ವಾಣಿಯ ಸಮಸ್ಯೆ’ ಎನ್ನುತ್ತಾರೆ. ಈ ಎರಡನೆಯದನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಕತೆಯಲ್ಲಿ ಇಂದು ಎಂಬ ಎಳೆಯ ವಿಧವೆಯಿದ್ದಾಳೆ. ನೆರೆಮನೆಯಲ್ಲಿ ವಾಣಿ ಮತ್ತು ಆಕೆಯ ಗಂಡ. ಸಂಕಟವೆಲ್ಲ ಇಂದುವಿನದು. ಕತೆಯ ಹೆಸರು ಮಾತ್ರ ವಾಣಿಯದು. ತನ್ನ ಕಣ್ಣೆದುರಿಗೇ ನಡೆದದ್ದು ಏನೆಂದು ಅರಿಯಲಾರದವಳ ಹೆಸರನ್ನು ಕತೆಗೆ ಇಟ್ಟುದರಿಂದ, ಅರಿಯುವ ಕೆಲಸ ಓದುಗನಿಗೆ ಬರುತ್ತದೆ. ಅದೇ ಕತೆಯನ್ನು ‘ಇಂದುವಿನ ದುಃಖ’ ಎಂದು ಕರೆದಿದ್ದರೆ ಓದುಗನಿಗೆ ಅಳುವುದೊಂದೇ ಕೆಲಸ ಉಳಿಯುತ್ತಿತ್ತು.

ಯಾರ ಕಡೆಯಿಂದ ಕತೆ ಹೇಳಬೇಕು ಎಂದು ಕೇಳುವ ಎಳೆಯರಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ. ಹೆಚ್ಚು ನೊಂದವರ ಪಕ್ಕದಲ್ಲಿ ನಿಂತವರನ್ನೂ ಒಮ್ಮೆ ಕೇಳಿ ನೋಡಬೇಕು. ಅವರಿಗೆ ಎಷ್ಟು ಕಂಡಿತು, ಎಷ್ಟು ಕಾಣಲಿಲ್ಲ ಎಂಬುದರಲ್ಲಿಯೇ ಕತೆಯ ಅರ್ಧ ಅಡಗಿರುತ್ತದೆ.

ಕೊಡಗಿನವರು ಬರೆದ ಕತೆ ಎಂದರೆ ಮಂಜು, ಬೆಟ್ಟ, ಕಾಫಿ ಹೂವಿನ ಪರಿಮಳ ಇವು ಇರಲೇಬೇಕೆಂಬ ಒಂದು ತಪ್ಪು ಎಣಿಕೆ ಹೊರಗಿನವರಲ್ಲಿ ಇದೆ, ಒಳಗಿನವರಲ್ಲಿಯೂ ಇಲ್ಲದಿಲ್ಲ. ನನ್ನ ಬಳಿಗೆ ಬಂದ ಹಸ್ತಪ್ರತಿಗಳಲ್ಲಿ ಮಂಜು ಮುಸುಕದ ಮೊದಲ ಪುಟ ಅಪರೂಪ. ಕಾಫಿ ಹೂ ಬಿಡುವುದು ವರ್ಷಕ್ಕೆ ಕೆಲವೇ ದಿನ. ಕತೆಗಳಲ್ಲಿ ಮಾತ್ರ ಅದು ಬಾರೋ ತಿಂಗಳೂ ಅರಳಿರುತ್ತದೆ. ಗೌರಮ್ಮನವರು ಆ ಪರಿಮಳದ ನಡುವೆಯೇ ಬಾಳಿದವರು. ಆದರೂ ಅವರ ಕತೆಗಳಲ್ಲಿ ಹೆಚ್ಚಾಗಿ ಕೇಳುವುದು ಮನೆಯೊಳಗಿನ ಮಾತು, ಬಾಗಿಲ ಹಿಂದಿನ ಮೌನ. ಪ್ರಕೃತಿಯೇ ಕತೆಯ ಪಾತ್ರವಾಗಬೇಕಾದಾಗ ಆಗಲಿ, ಎಸ್.ಆರ್. ನಾರಾಯಣರಾಯರು, ಎಂದರೆ ‘ಭಾರತೀಸುತ’ರು, ಕಾಡುಬೆಟ್ಟಗಳ ಬದುಕನ್ನು ಕಾದಂಬರಿಗೆ ತಂದಾಗ ಹಾಗೆ ಆಯಿತು. ಪುಟ್ಟಣ್ಣ ಕಣಗಾಲರು 1973ರಲ್ಲಿ ಚಲನಚಿತ್ರವಾಗಿಸಿದ ‘ಎಡಕಲ್ಲು ಗುಡ್ಡದ ಮೇಲೆ’ ಅವರದೇ ಕಾದಂಬರಿ. ಅಲಂಕಾರಕ್ಕಾಗಿ ತಂದ ಬೆಟ್ಟವನ್ನು ಮಾತ್ರ ಓದುಗ ಹಾರಿಕೊಂಡು ಮುಂದೆ ಹೋಗುತ್ತಾನೆ.

ನಮ್ಮ ಜಿಲ್ಲೆಯ ಲೇಖಕನಿಗೆ ಬೇರೊಂದು ತೊಡಕಿದೆ. ಇದು ಬಯಲುಸೀಮೆಯವರಿಗೆ ಅಷ್ಟಾಗಿ ಇಲ್ಲ. ಒಂದೇ ತೋಟದಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲೆಯಾಳ, ಎರವರ ಮಾತು ಎಲ್ಲ ಕೇಳುತ್ತವೆ. ಕನ್ನಡದಲ್ಲಿ ಕತೆ ಬರೆಯುವವನು ಇವರೆಲ್ಲರ ಬಾಯಲ್ಲಿ ಯಾವ ಕನ್ನಡವನ್ನು ಇಡಬೇಕು? ಹರದಾಸ ಅಪ್ಪನೆರವಂಡ ಅಪ್ಪಚ್ಚ ಕವಿಗಳು ಈ ತೊಡಕನ್ನು ಬೇರುಸಹಿತ ಬಿಡಿಸಿಕೊಂಡರು. 1906ರಲ್ಲಿ ‘ಯಯಾತಿ ರಾಜಂಡ ನಾಟಕ’ವನ್ನು ಕೊಡವ ಭಾಷೆಯಲ್ಲಿಯೇ, ಕನ್ನಡ ಲಿಪಿಯಲ್ಲಿ ಬರೆದರು. ಅವರು ಹರಿಕಥೆ ಹೇಳುತ್ತಿದ್ದವರು. ಓದುಗನಿಗಿಂತ ಮೊದಲು ಕೇಳುಗನನ್ನು ಬಲ್ಲವರು. ರಂಗದ ಮೇಲೆ ನಿಲ್ಲದ ಮಾತು ತಮಗೆ ಬೇಡವೆಂಬ ನಿಶ್ಚಯ ಅಂಥವರಿಗೆ ಸಹಜ. ಕನ್ನಡದಲ್ಲಿಯೇ ಬರೆಯಬೇಕೆಂದಿರುವವರು ಬೇರೆ ಉಪಾಯ ಹುಡುಕಬೇಕು. ಸಾಲಿಗೊಂದು ಕೊಡವ ಶಬ್ದವನ್ನು ಉದುರಿಸಿ, ಪಕ್ಕದಲ್ಲಿಯೇ ಅದರ ಅರ್ಥವನ್ನೂ ಕೊಡುವ ಕತೆಗಳನ್ನು ನಾನು ಓದಿದ್ದೇನೆ. ಅದು ಕತೆಯಲ್ಲ, ಪ್ರವಾಸಿಗರ ಕೈಪಿಡಿ. ಐನ್‌ಮನೆ, ಒಕ್ಕ, ಕಯ್ಯಾಲೆ ಇಂಥ ಮಾತುಗಳನ್ನು ಅರ್ಥ ಹೇಳದೆ, ಆದರೆ ಅರ್ಥವಾಗುವ ಜಾಗದಲ್ಲಿ ಇಡಬೇಕು. ಮುದುಕನೊಬ್ಬ ಕಯ್ಯಾಲೆಯಲ್ಲಿ ಕುಳಿತು ಅಂಗಳಕ್ಕೆ ಬಂದವರನ್ನು ಮಾತನಾಡಿಸಿದರೆ, ಅದು ಮನೆಯ ಮುಂದಿನ ಜಗಲಿಯೆಂದು ಬಿಜಾಪುರದ ಓದುಗನಿಗೂ ಗೊತ್ತಾಗುತ್ತದೆ. ಉಳಿದದ್ದನ್ನು ವಾಕ್ಯದ ನಡಿಗೆಯೇ ನೋಡಿಕೊಳ್ಳಬೇಕು.

ಇಷ್ಟೆಲ್ಲ ಕಸುಬಿನ ಮಾತಾಯಿತು. ಮೊದಲು ಕೇಳಿದ ಪ್ರಶ್ನೆಗೆ, ಎಂದರೆ ಮೊದಲ ಓದುಗ ಯಾರು ಎಂಬುದಕ್ಕೆ, ಈಗ ಮರಳುತ್ತೇನೆ.

1932ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮಡಿಕೇರಿಯಲ್ಲಿ ನಡೆಯಿತು. ಅಧ್ಯಕ್ಷರು ಡಿ.ವಿ. ಗುಂಡಪ್ಪನವರು. ಅದುವರೆಗೆ ಅಂಚೆಯಲ್ಲಿ ಬರುತ್ತಿದ್ದ ಕನ್ನಡ ಸಾಹಿತ್ಯ ಆ ಸಲ ಬಸ್ಸು ಹತ್ತಿ ಘಟ್ಟಕ್ಕೆ ಬಂದಿತು ಎನ್ನಬಹುದು. ಗೌರಮ್ಮನವರ ಕತೆಗಳು ಹೊರಬರತೊಡಗಿದ್ದೂ ಆ ಸುಮಾರಿಗೇ. ಅವರ ಬರವಣಿಗೆಗೆ ದೊರೆತ ಅತಿ ದೊಡ್ಡ ಸಹೃದಯ ಬೇಂದ್ರೆಯವರು. ಕವಿ ಈ ಕತೆಗಾರ್ತಿಯನ್ನು ತಂಗಿಯೆಂದು ಕಂಡರು; ಆಕೆ ತೀರಿಕೊಂಡ ಮೇಲೆ ‘ತಂಗಿ ಗೌರಮ್ಮ’ ಎಂಬ ಕವಿತೆಯನ್ನು ಬರೆದರು. ತೋಟದ ಮನೆಯ ಹೆಣ್ಣುಮಗಳೊಬ್ಬಳಿಗೆ ನಾಲ್ಕು ನದಿಗಳ ಆಚೆಯ ಊರಿನ ಕವಿಯೊಬ್ಬನಿಂದ ‘ನೀನು ಬರೆಯುತ್ತಿರುವುದು ಸಾಹಿತ್ಯ’ ಎಂಬ ಭರವಸೆ ಬರುವುದೆಂದರೆ ಏನು ಎಂಬುದನ್ನು, ಒಂಟಿಯಾಗಿ ಕುಳಿತು ಬರೆದವರು ಮಾತ್ರ ಬಲ್ಲರು.

ಎಲ್ಲರಿಗೂ ಬೇಂದ್ರೆ ಸಿಗುವುದಿಲ್ಲ, ಸಿಗಬೇಕೆಂದೂ ಇಲ್ಲ. ಆದರೆ ಇಲ್ಲಿ ಗಮನಿಸತಕ್ಕದ್ದು ಒಂದಿದೆ. ಆ ಓದುಗರು ಆಪ್ತರಾಗಿದ್ದರು, ಆದರೆ ಮನೆಯವರಾಗಿರಲಿಲ್ಲ. ಮನೆಯವರು ನಿಮ್ಮ ಕತೆಯಲ್ಲಿ ಕತೆಯನ್ನು ಹುಡುಕುವುದಿಲ್ಲ, ತಮ್ಮನ್ನು ಹುಡುಕುತ್ತಾರೆ. ‘ಈ ಅತ್ತೆ ಯಾರು, ನಮ್ಮ ದೊಡ್ಡಮ್ಮನೇ?’ ಎಂದು ಕೇಳಿದರೆ ಅಲ್ಲಿಗೆ ವಿಮರ್ಶೆ ಮುಗಿಯಿತು. ಇನ್ನು ತೀರ ಅಪರಿಚಿತರಿಗೆ ಕೊಟ್ಟರೆ ಅವರು ಸೌಜನ್ಯಕ್ಕೆ ‘ಚೆನ್ನಾಗಿದೆ’ ಎನ್ನುತ್ತಾರೆ. ಆ ಮಾತು ಚಹಾದ ಜೊತೆ ಕೊಡುವ ಬಿಸ್ಕತ್ತಿನ ಹಾಗೆ. ಅದರಿಂದ ಹೊಟ್ಟೆ ತುಂಬದು. ಬೇಕಾದದ್ದು ಇವೆರಡರ ನಡುವೆ ನಿಂತ ಒಬ್ಬಿಬ್ಬರು: ನಿಮ್ಮ ಒಳಿತನ್ನು ಬಯಸುವವರು, ನಿಮ್ಮ ಅಸಮಾಧಾನಕ್ಕೆ ಹೆದರದವರು. ಒಬ್ಬಿಬ್ಬರು ಸಾಕು. ಹತ್ತು ಜನಕ್ಕೆ ತೋರಿಸಿ ಹತ್ತೂ ಜನ ಹೇಳಿದಂತೆ ತಿದ್ದಿದ ಕತೆ, ಊರೊಟ್ಟಿನ ಹಣದಿಂದ ಕಟ್ಟಿದ ಬಸ್ ತಂಗುದಾಣದಂತೆ ಇರುತ್ತದೆ. ಎಲ್ಲರ ಹೆಸರೂ ಗೋಡೆಯ ಮೇಲೆ, ಮಳೆ ಮಾತ್ರ ಒಳಗೆ.

ಅವರನ್ನು ಕೇಳುವ ರೀತಿಯೂ ಮುಖ್ಯ. ‘ಹೇಗಿದೆ?’ ಎಂದು ಕೇಳಬಾರದು. ‘ಎಲ್ಲಿ ನಿಂತಿರಿ? ಎಲ್ಲಿ ಹಿಂದಿನ ಪುಟಕ್ಕೆ ಹೋಗಬೇಕಾಯಿತು? ಯಾರ ಮಾತು ನಂಬಿಕೆಯಾಗಲಿಲ್ಲ?’ ಎಂದು ಕೇಳಬೇಕು. ಎಲ್ಲಿ ತಪ್ಪಿದೆಯೆಂದು ಓದುಗ ಹೇಳುವುದು ಬಹಳ ಮಟ್ಟಿಗೆ ಸರಿಯಾಗಿರುತ್ತದೆ. ಹೇಗೆ ತಿದ್ದಬೇಕೆಂದು ಅವನು ಕೊಡುವ ಸಲಹೆ ಬಹಳ ಮಟ್ಟಿಗೆ ತಪ್ಪಾಗಿರುತ್ತದೆ. ತಿದ್ದುವ ಹೊಣೆ ಬರೆದವರದು. ಇನ್ನೊಂದು: ಅವರು ಮಾತನಾಡುವಾಗ ನೀವು ವಿವರಿಸಲು ಹೋಗಬೇಡಿ. ‘ನಾನು ಹೇಳಬಯಸಿದ್ದು ಇದು’ ಎಂದು ಬಾಯಲ್ಲಿ ಹೇಳಬೇಕಾಗಿ ಬಂದದ್ದೆಲ್ಲ ಕತೆಯಲ್ಲಿ ಬಾರದೆ ಉಳಿದದ್ದೇ.

ಹಂಚಿಕೊಳ್ಳುವುದೆಂದರೆ ಬರಿಯ ತಿದ್ದುಪಡಿಯ ವಿಷಯವಲ್ಲ. ಅದರಲ್ಲಿ ಭಯವೂ ಇದೆ. ಹೆಣ್ಣುಮಕ್ಕಳಿಗೆ ಎರಡು ಪಾಲು. ಗೌರಮ್ಮನವರು ಪತ್ರಿಕೆಗಳಲ್ಲಿ ಬರೆದದ್ದು ‘ಶ್ರೀಮತಿ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಿಂದ. ಗಂಡನ ಹೆಸರಿನ ಮೊದಲಕ್ಷರಗಳು, ಗಂಡನ ಹೆಸರು, ಅದಕ್ಕೊಂದು ‘ಶ್ರೀಮತಿ’. ಕಾವ್ಯನಾಮ ಇಟ್ಟುಕೊಳ್ಳುವುದು ಆ ಕಾಲದ ವಾಡಿಕೆಯೇ ಆಗಿತ್ತು. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ, ‘ಹುತ್ತರಿ ಹಾಡು’ ಬರೆದ ಪಂಜೆ ಮಂಗೇಶರಾಯರು ‘ಕವಿಶಿಷ್ಯ’ರಾಗಿದ್ದರು. ಬೇಂದ್ರೆಯವರು ‘ಅಂಬಿಕಾತನಯದತ್ತ’, ಅಂಬಿಕೆಯ ಮಗ. ನಾರಾಯಣರಾಯರು ‘ಭಾರತೀಸುತ’, ಭಾರತಿಯ ಮಗ. ಗಂಡಸರು ತಾಯಿಯ ಹೆಸರನ್ನು ಹೊತ್ತು ಹೆಮ್ಮೆಯಿಂದ ಬೀದಿಗೆ ಬಂದರು. ಹೆಣ್ಣುಮಗಳು ಗಂಡನ ಹೆಸರಿನ ಹಿಂದೆ ನಿಂತು ಕಿಟಕಿಯಿಂದ ಕತೆಯನ್ನು ಚಾಚಿದಳು. ಈ ವ್ಯತ್ಯಾಸ ನನ್ನ ಗಮನಕ್ಕೆ ಬಂದದ್ದು ಬಹಳ ತಡವಾಗಿ. ಎಷ್ಟೋ ವರ್ಷ ತರಗತಿಯಲ್ಲಿ ಈ ಹೆಸರುಗಳನ್ನು ಒಂದೇ ಪಟ್ಟಿಯಾಗಿ ಬರೆಯಿಸಿದವನು ನಾನು. ಇಂದು ಯಾರಾದರೂ ಬೇರೆ ಹೆಸರಿನಿಂದ ಬರೆಯುತ್ತೇನೆಂದರೆ ನಾನು ಬೇಡವೆನ್ನುವುದಿಲ್ಲ. ಹೆಸರು ಮುಚ್ಚಿಕೊಂಡರೂ ನಿಜವನ್ನು ಬರೆಯುವ ಧೈರ್ಯ ಬರುವುದಾದರೆ ಹಾಗೆಯೇ ಆಗಲಿ. ಹೆಸರು ತೋರಿಸಿ ನಿಜವನ್ನು ಮುಚ್ಚುವುದಕ್ಕಿಂತ ಅದು ಮೇಲು.

ಇನ್ನು ಕಳುಹಿಸುವ ವಿಷಯ. ಇದರಲ್ಲಿ ನನ್ನ ಅನುಭವ ಕಹಿಯಾದದ್ದು. ಹರೆಯದಲ್ಲಿ ಬರೆದ ಒಂದು ನೀಳ್ಗತೆಯನ್ನು, ಇದ್ದ ಒಂದೇ ಪ್ರತಿಯನ್ನು, ಒಂದು ಪತ್ರಿಕೆಗೆ ಅಂಚೆಯಲ್ಲಿ ಕಳುಹಿಸಿದೆ. ಮರಳಿ ಬರಲು ಬೇಕಾದ ಅಂಚೆಚೀಟಿಯನ್ನೂ ಇಟ್ಟಿದ್ದೆ. ಕತೆ ಅಚ್ಚಾಗಲಿಲ್ಲ, ಮರಳಿ ಬರಲೂ ಇಲ್ಲ. ಅದರ ಕರಡು ಮನೆಯ ಟ್ರಂಕಿನಲ್ಲಿತ್ತು. ಆ ವರ್ಷದ ಆಷಾಢದ ತೇವಕ್ಕೆ ಶಾಯಿ ಹರಡಿ, ಹಾಳೆಗಳು ಒಂದಕ್ಕೊಂದು ಅಂಟಿ, ನೀಲಿಯ ಒಂದು ಮುದ್ದೆಯಾಗಿತ್ತು. ಕೊಡಗಿನ ಮಳೆಗೆ ಸಾಹಿತ್ಯವೆಂಬ ದಾಕ್ಷಿಣ್ಯವಿಲ್ಲ. ಅದು ಒಳ್ಳೆಯ ಕತೆಯಾಗಿತ್ತೇ ಎಂದು ಕೇಳಿದರೆ ಹೇಳಲಾರೆ. ಕಳೆದುಹೋದ ಕತೆಗಳೆಲ್ಲ ಒಳ್ಳೆಯವೇ.

ಈಗ ಕಂಪ್ಯೂಟರು ಬಂದಿದೆ, ಕತೆ ಕ್ಷಣದಲ್ಲಿ ಹೋಗಿ ಸೇರುತ್ತದೆ ಎಂದು ಎಳೆಯರು ನಗಬಹುದು. ಆದರೂ ಪ್ರತಿಯನ್ನು ಎರಡು ಬೇರೆ ಬೇರೆ ಕಡೆ ಇಡಿ. ಒಂದು ಕಾಗದದ ಮೇಲೆ ಇರಲಿ. ಒಂದು ಕತೆಯನ್ನು ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕಳುಹಿಸಿ, ಉತ್ತರ ಬರುವವರೆಗೆ ಮತ್ತೊಂದನ್ನು ಬರೆಯಿರಿ. ಬರೆದ ದಿನವೇ ಕಳುಹಿಸಬೇಡಿ. ಮೊದಲು ಕೈಯಲ್ಲಿ ಬರೆದದ್ದನ್ನು ಅಚ್ಚುಕಟ್ಟಾಗಿ ನಕಲು ಮಾಡಬೇಕಾಗಿದ್ದುದರಿಂದ ಎಂಥ ಅವಸರದವನಿಗೂ ಎರಡನೆಯ ಓದು ತಪ್ಪುತ್ತಿರಲಿಲ್ಲ. ನಕಲು ಮಾಡುವ ಕೈ ಬೇಡದ ಮಾತನ್ನು ಬರೆಯಲು ಬೇಸರಪಟ್ಟುಕೊಂಡು ತಾನೇ ಬಿಟ್ಟುಬಿಡುತ್ತಿತ್ತು. ಆ ಬೇಸರದಿಂದ ಕನ್ನಡಕ್ಕೆ ಆದ ಉಪಕಾರ ಸಣ್ಣದಲ್ಲ. ಈಗ ಅದು ತಪ್ಪಿಹೋಗಿರುವುದರಿಂದ ಹದಿನೈದು ದಿನವಾದರೂ ಕತೆಯನ್ನು ಕಣ್ಣಿಗೆ ಮರೆಯಾಗಿಟ್ಟು, ಆಮೇಲೆ ಬೇರೆಯವರ ಕತೆಯೆಂಬಂತೆ ಓದಬೇಕು. ಅಚ್ಚಾದ ಮೇಲೆ ಬಂದ ಟೀಕೆಗೆ ಉತ್ತರ ಬರೆಯಲು ಹೋಗಬೇಡಿ. ಬರೆಯಲೇಬೇಕೆನಿಸಿದರೆ ಬರೆದು, ಅಂಚೆಗೆ ಹಾಕುವುದನ್ನು ಮರೆತುಬಿಡಿ.

ಪ್ರತಿಯ ಮಾತನ್ನು ಇಷ್ಟು ಹೇಳಲು ಕಾರಣವಿದೆ. 1939ರ ಆ ಏಪ್ರಿಲ್ ದಿನ ಹೊಳೆಗೆ ಇಳಿದ ಗೌರಮ್ಮನವರು ಬರೆದದ್ದನ್ನೆಲ್ಲ ಸಂಕೋಚದಿಂದ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದರೆ, ಕಂಬನಿಯೂ ಇಲ್ಲ, ಚಿಗುರೂ ಇಲ್ಲ. ಕತೆಗಳು ಅದಾಗಲೇ ಮನೆಯಿಂದ ಹೊರಟಿದ್ದವು. ಪತ್ರಿಕೆಗಳಲ್ಲಿದ್ದವು, ಆಪ್ತರ ನೆನಪಿನಲ್ಲಿದ್ದವು. ಆದುದರಿಂದ ಬರೆದವರು ಇಲ್ಲದ ಮೇಲೂ ಅವನ್ನು ಕಲೆಹಾಕಿ ಪುಸ್ತಕ ಮಾಡುವುದು ಉಳಿದವರಿಗೆ ಸಾಧ್ಯವಾಯಿತು. ಆಮೇಲೆ ದೀರ್ಘಕಾಲ ಅವರ ಹೆಸರು ಮಂಕಾಗಿಯೇ ಇತ್ತು. 1981ರಲ್ಲಿ ಶಂ.ಬಾ. ಜೋಶಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಮತ್ತೆ ಮಡಿಕೇರಿಗೆ ಬಂದಿತು. ಬೇಂದ್ರೆಯವರ ಗೆಳೆಯರ ಗುಂಪಿನವರೊಬ್ಬರು ಹೀಗೆ ಗೌರಮ್ಮನವರ ಊರಿನಲ್ಲಿ ಸಾಹಿತ್ಯದ ಪೀಠದ ಮೇಲೆ ಕುಳಿತರು. 1991ರಲ್ಲಿ ಸೂಸಿ ತಾರು, ಕೆ. ಲಲಿತಾ ಅವರು ಸಂಪಾದಿಸಿದ ಭಾರತದ ಮಹಿಳಾ ಬರವಣಿಗೆಯ ಇಂಗ್ಲಿಷ್ ಸಂಕಲನದಲ್ಲಿ ‘ವಾಣಿಯ ಸಮಸ್ಯೆ’ ಸೇರಿತು. 2023ರಲ್ಲಿ ಅವರ ಕತೆಗಳ ಒಂದು ಸಂಪುಟವನ್ನೇ ಇಂಗ್ಲಿಷಿಗೆ ತಂದವರು ಮಡಿಕೇರಿಯವರೇ ಆದ ದೀಪಾ ಭಾಸ್ತಿ. ಬಾನು ಮುಷ್ತಾಕರ ಕತೆಗಳ ಅನುವಾದಕ್ಕಾಗಿ 2025ರಲ್ಲಿ ಮೂಲ ಲೇಖಕಿಯೊಡನೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಹಂಚಿಕೊಂಡವರೂ ಇವರೇ. ಸುಂಟಿಕೊಪ್ಪದ ತೋಟದಿಂದ ಟಪ್ಪಾಲಿನ ಚೀಲದಲ್ಲಿ ಹೊರಟ ಕತೆಗಳಿಗೆ, ಎಂಬತ್ತು ವರ್ಷಗಳ ಮೇಲೆ, ತಮ್ಮ ಊರಿನ ಹೆಣ್ಣುಮಗಳೇ ಓದುಗಳಾಗಿ ದೊರೆತಳು. ಆ ಇಂಗ್ಲಿಷ್ ಪುಸ್ತಕದ ಮುಖಪುಟದಲ್ಲಿ ಬಿ.ಟಿ.ಜಿ. ಎಂಬ ಅಕ್ಷರಗಳಿಲ್ಲ. ಕೊಡಗಿನ ಗೌರಮ್ಮ ಎಂದಿದೆ.